ಇಬ್ನು ಬತೂತ: ತಡವಾಗಿ ಮನೆಗೆ ಮರಳಿದ ಮಗ

ಇಬ್ನು ಬತೂತರ ಹೆಸರು ಕೇಳದ ಮುಸ್ಲಿಮ್ ಮನೆಗಳು ವಿರಳ. ಮುಹಮ್ಮದ್ ಬಿನ್ ತುಘ್ಲಕನ ಆಸ್ಥಾನಕ್ಕೆ ಬಂದ ವಿದೇಶಿ ಪ್ರವಾಸಿ ಎಂದು ನಮ್ಮ ಮಕ್ಕಳು ಶಾಲೆಯ ಇತಿಹಾಸ ಪುಸ್ತಕದಲ್ಲಿ ಅವರ ಬಗ್ಗೆ ಓದುತ್ತಾರೆ. ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಣ್ಣಾರೆ ಕಂಡು ಬರೆದವರೆಂಬ ಕಾರಣಕ್ಕೆ ನಮ್ಮ ಕರಾವಳಿಯವರಿಗೆ ಅವರ ಮೇಲೆ ವಿಶೇಷ ಪ್ರೀತಿ. ರೈಲು, ವಿಮಾನಗಳಿಲ್ಲದ ಕಾಲದಲ್ಲಿ ಸುಮಾರು 30 ವರ್ಷಗಳ ಅವಧಿಯಲ್ಲಿ ಅವರು ಒಂದು ಲಕ್ಷ ಕಿಲೋಮೀಟರಿಗೂ ಹೆಚ್ಚು ದೂರ ಸಂಚರಿಸಿದರೆಂದು ಅಂದಾಜಿಸಲಾಗಿದೆ.

ಆದರೆ ಆ ಮಹಾನ್ ಪ್ರವಾಸಿಯ ಬದುಕಿನಲ್ಲಿ ಹೆಚ್ಚಿನವರು ಗಮನಿಸದ ಒಂದು ಪುಟವಿದೆ. ಲೋಕವನ್ನೆಲ್ಲಾ ಸುತ್ತಿ ಬಂದ ಅವರಿಗೆ ತನ್ನನ್ನು ಹೆತ್ತವರ ಕೊನೆಗಾಲದಲ್ಲಿ ಅವರ ಹಾಸಿಗೆಯ ಬಳಿ ಕೂರುವ ಭಾಗ್ಯ ದೊರೆಯಲಿಲ್ಲ. ತಂದೆ ತೀರಿಕೊಂಡದ್ದು 15 ವರ್ಷಗಳ ನಂತರ ತಿಳಿಯಿತು. ತಾಯಿಯಂತೂ ಮಗ ಊರಿನತ್ತ ಮರಳುತ್ತಿರುವಾಗಲೇ ಸಾಂಕ್ರಾಮಿಕ ರೋಗಕ್ಕೆ ಬಲಿಯಾದರು. ಮುದಿ ತಂದೆ ತಾಯಿಯರನ್ನು ಮನೆಯಲ್ಲಿಟ್ಟುಕೊಂಡು ಸಾಕುತ್ತಿರುವ, ಅಥವಾ ಅವರನ್ನು ಊರಲ್ಲಿ ಬಿಟ್ಟು ದೂರದೇಶದಲ್ಲಿ ದುಡಿಯುತ್ತಿರುವ ನಮಗೆ ಈ ಪುಟದಲ್ಲಿ ದೊಡ್ಡ ಪಾಠವಿದೆ.

ತಾಂಜಿಯರಿನ ಮನೆ

ಅಬೂ ಅಬ್ದುಲ್ಲಾ ಮುಹಮ್ಮದ್ ಇಬ್ನು ಬತೂತ ಹುಟ್ಟಿದ್ದು 1304ರ ಫೆಬ್ರವರಿ 24ರಂದು, ಹಿಜರಿ 703ರ ರಜಬ್ 17ರಂದು. ಊರು ಮೊರೊಕ್ಕೋದ ಉತ್ತರ ತುದಿಯ ಬಂದರು ಪಟ್ಟಣ ತಾಂಜಿಯರ್. ಅವರದು ಲವಾತಾ ಎಂಬ ಬರ್ಬರ್ ಬುಡಕಟ್ಟಿಗೆ ಸೇರಿದ, ಖಾಝಿಗಳೂ ವಿದ್ವಾಂಸರೂ ಇದ್ದ ಕುಟುಂಬ. ಮಾಲಿಕೀ ಮದ್‌ಹಬಿನ ಕರ್ಮಶಾಸ್ತ್ರವನ್ನು ಅವರು ಅಲ್ಲಿಯೇ ಕಲಿತರು. ಮನೆಯಲ್ಲೇ ಉಳಿದಿದ್ದರೆ ಹಿರಿಯರಂತೆ ಊರಿನ ಖಾಝಿಯಾಗಿ ಗೌರವದ ಬದುಕು ನಡೆಸಬಹುದಿತ್ತು.

ಆದರೆ 1325ರ ಜೂನ್ 14ರಂದು, 21ರ ಹರೆಯದಲ್ಲಿ, ಅವರು ಹಜ್ಜ್‌ನ ಸಂಕಲ್ಪ ಮಾಡಿ ಮನೆಬಿಟ್ಟರು. ಜೊತೆಗೆ ಸಂಗಾತಿಯೂ ಇರಲಿಲ್ಲ, ಸೇರಿಕೊಳ್ಳಲು ಯಾತ್ರಿಕರ ತಂಡವೂ ಇರಲಿಲ್ಲ. ಆಗ ಅವರ ತಂದೆ ತಾಯಿ ಇಬ್ಬರೂ ಜೀವಂತವಿದ್ದರು. ಆ ಅಗಲಿಕೆ ತನಗೂ ಅವರಿಗೂ ಎಷ್ಟು ಸಂಕಟ ತಂದಿತೆಂಬುದನ್ನು ಮೂವತ್ತು ವರ್ಷಗಳ ನಂತರ ತನ್ನ ಪ್ರವಾಸ ಕಥನವಾದ ‘ರಿಹ್ಲಾ’ವನ್ನು ಬರೆಸುವಾಗಲೂ ಅವರು ಮರೆತಿರಲಿಲ್ಲ. ಗ್ರಂಥದ ಆರಂಭದಲ್ಲೇ ಅದನ್ನು ನೆನೆದಿದ್ದಾರೆ.

ದಾರಿಯಲ್ಲಿ ಜ್ವರ ಹಿಡಿಯಿತು. ಅಲ್ಲೇ ಉಳಿದು ಗುಣವಾದ ಮೇಲೆ ಹೊರಡು ಎಂದು ಸಲಹೆ ಕೊಟ್ಟರೂ ಅವರು ನಿಲ್ಲಲಿಲ್ಲ. ಸಾಯುವುದೇ ಆದರೆ ಹಿಜಾಝಿನತ್ತ ಮುಖಮಾಡಿ ದಾರಿಯಲ್ಲೇ ಸಾಯುವೆನೆಂದು ನಿಶ್ಚಯಿಸಿದರು. ತ್ಯೂನಿಸ್ ಪಟ್ಟಣ ಮುಟ್ಟಿದಾಗ ಸಹಪ್ರಯಾಣಿಕರನ್ನು ಎದುರುಗೊಳ್ಳಲು ಜನ ಬಂದಿದ್ದರು. ಆದರೆ ಇವರಿಗೆ ಸಲಾಮ್ ಹೇಳುವವರು ಒಬ್ಬರೂ ಇರಲಿಲ್ಲ. ಆ ಒಂಟಿತನಕ್ಕೆ ಬಿಕ್ಕಿ ಬಿಕ್ಕಿ ಅತ್ತರು. ಅದನ್ನು ಕಂಡ ಒಬ್ಬ ಯಾತ್ರಿಕರು ಬಳಿಗೆ ಬಂದು ಸಂತೈಸಿ ಊರೊಳಗೆ ಕರೆದೊಯ್ದರು. ಮನೆಯ ಬೆಚ್ಚನೆಯ ನೆನಪು ಎಂಥ ಗಟ್ಟಿಮನಸ್ಸಿನವರನ್ನೂ ಕಾಡುತ್ತದೆಂಬುದಕ್ಕೆ ಇದೇ ಸಾಕ್ಷಿ.

1326ರಲ್ಲಿ ಅವರು ಮೊದಲ ಹಜ್ಜ್ ನಿರ್ವಹಿಸಿದರು. ಹೊರಟ ಉದ್ದೇಶ ಪೂರ್ಣವಾಯಿತು. ಆದರೆ ಹೆಜ್ಜೆ ಮನೆಯತ್ತ ತಿರುಗಲಿಲ್ಲ. ಇರಾಕ್, ಪರ್ಷಿಯಾ, ಯಮನ್, ಪೂರ್ವ ಆಫ್ರಿಕಾದ ಕರಾವಳಿ, ಅನತೋಲಿಯಾ, ಮಧ್ಯ ಏಷ್ಯಾಗಳನ್ನು ಸುತ್ತಿ 1333ರ ಸೆಪ್ಟೆಂಬರಿನಲ್ಲಿ ಸಿಂಧೂ ನದಿಯ ದಡ ಮುಟ್ಟಿದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ದೂರದ ತಾಂಜಿಯರಿನಲ್ಲಿ ಅವರ ತಂದೆ ಕಣ್ಮುಚ್ಚಿದರು. ಮಗನಿಗೆ ಸುದ್ದಿ ತಲುಪಿಸುವ ಯಾವ ದಾರಿಯೂ ಇರಲಿಲ್ಲ.

ನಮ್ಮ ಕರಾವಳಿಯಲ್ಲಿ

ದಿಲ್ಲಿಯಲ್ಲಿ ಹಲವು ವರ್ಷ ಖಾಝಿಯಾಗಿದ್ದು, 1342ರಲ್ಲಿ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟ ಅವರು ಪಶ್ಚಿಮ ಕರಾವಳಿಗೆ ಬಂದರು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಮದ್ರಸಗಳಿದ್ದುದನ್ನೂ ಅಲ್ಲಿಯ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದ್ದುದನ್ನೂ ಕಂಡು ಸಂತೋಷಪಟ್ಟರು. ಅವರು ಫಾಕನೂರ್ ಎಂದು ಕರೆದ ಬಾರ್ಕೂರನ್ನು ನೋಡಿದರು. ಮಂಗಳೂರಿನಲ್ಲಿ ಸುಮಾರು 4000 ಮುಸ್ಲಿಮರು ವಾಸಿಸುತ್ತಿದ್ದುದನ್ನೂ ಪರ್ಷಿಯಾ ಮತ್ತು ಯಮನಿನ ವರ್ತಕರು ಅಲ್ಲಿಗೆ ಬಂದಿಳಿಯುತ್ತಿದ್ದುದನ್ನೂ ದಾಖಲಿಸಿದರು.

ಇಂದು ಅದೇ ಕರಾವಳಿಯ ಸಾವಿರಾರು ಮಕ್ಕಳು ಅದೇ ಸಮುದ್ರ ದಾಟಿ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಊರಿನ ಮನೆಗಳಲ್ಲಿ ಅವರ ಉಮ್ಮ, ಬಾಪ ವರ್ಷಕ್ಕೊಮ್ಮೆ ಬರುವ ರಜೆಯ ದಿನಗಳನ್ನು ಎಣಿಸುತ್ತಾ ಕೂತಿರುತ್ತಾರೆ. ತಾಂಜಿಯರಿನ ಆ ಮನೆ ನಮಗೆ ಅಪರಿಚಿತವಲ್ಲ.

ಮಧುರೆಯ ಸಾಂಕ್ರಾಮಿಕ

ಸಾಂಕ್ರಾಮಿಕ ರೋಗವು ಒಂದು ಊರನ್ನು ಹೇಗೆ ಕಬಳಿಸುತ್ತದೆ ಎಂಬುದನ್ನು ಇಬ್ನು ಬತೂತ ಮೊದಲು ಹತ್ತಿರದಿಂದ ಕಂಡದ್ದು ದಕ್ಷಿಣ ಭಾರತದಲ್ಲಿಯೇ. ಮಾಲ್ದೀವ್ಸ್‌ನಲ್ಲಿ ಖಾಝಿಯಾಗಿದ್ದು, ಸಿಲೋನ್ ನೋಡಿಕೊಂಡು, 1344ರ ಸುಮಾರಿಗೆ ಅವರು ಮಧುರೆಯ ಸುಲ್ತಾನನ ರಾಜ್ಯಕ್ಕೆ ಬಂದರು. ಮಧುರೆಯಲ್ಲಿ ಆಗ ಭೀಕರ ರೋಗ ಹಬ್ಬಿತ್ತು. ಅದು ತಗುಲಿದವರು ಎರಡು, ಮೂರು ಅಥವಾ ನಾಲ್ಕನೆಯ ದಿನಕ್ಕೆ ಸಾಯುತ್ತಿದ್ದರು. ಮನೆಯಿಂದ ಹೊರಗೆ ಬಂದರೆ ರೋಗಿ ಅಥವಾ ಶವವಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಅರಮನೆಗೂ ರೋಗ ಹೊಕ್ಕಿತು. ಸುಲ್ತಾನನ ತಾಯಿ ಮತ್ತು ಮಗ ತೀರಿಕೊಂಡರು.

ಇಬ್ನು ಬತೂತರಿಗೂ ತೀವ್ರ ಜ್ವರ ಬಂದು ಬದುಕುವ ಆಸೆಯೇ ಹೋಯಿತು. ಆ ಸೀಮೆಯಲ್ಲಿ ಧಾರಾಳವಾಗಿ ಸಿಗುತ್ತಿದ್ದ ಹುಣಸೆಹಣ್ಣನ್ನು ನೀರಿನಲ್ಲಿ ಕಿವುಚಿ ಕುಡಿದರು. ಮೂರು ದಿನ ಭೇದಿಯಾಗಿ ಜ್ವರ ಇಳಿಯಿತು. ಗುಣಪಡಿಸಿದ್ದು ಅಲ್ಲಾಹನೇ ಎಂದು ಅವರು ಕೃತಜ್ಞತೆಯಿಂದ ಬರೆದರು. ಅವರು ಪಥ್ಯವನ್ನೂ ಬಿಡಲಿಲ್ಲ, ಪ್ರಾರ್ಥನೆಯನ್ನೂ ಬಿಡಲಿಲ್ಲ. ಸತ್ಯವಿಶ್ವಾಸಿಯ ರೀತಿ ಇದೇ. ಇಂದು ಜ್ವರಕ್ಕೆ ಹುಣಸೆಹಣ್ಣನ್ನೇ ನೆಚ್ಚಿಕೊಳ್ಳಬೇಕೆಂದು ಇದರ ಅರ್ಥವಲ್ಲ. ತನ್ನ ಕಾಲದಲ್ಲಿ, ತನ್ನ ಕೈಗೆಟಕಿದ ಚಿಕಿತ್ಸೆಯನ್ನು ಅವರು ಮಾಡಿದರು. ನಮ್ಮ ಕಾಲದ ಚಿಕಿತ್ಸೆಯನ್ನು ನಾವು ಮಾಡಬೇಕು.

ದಮಾಸ್ಕಸ್ಸಿನಲ್ಲಿ ಸಿಕ್ಕ ಸುದ್ದಿ

1348ರಲ್ಲಿ ಅವರು ಮತ್ತೆ ದಮಾಸ್ಕಸ್ ತಲುಪಿದರು. ಆ ಊರು ಬಿಟ್ಟು 20 ವರ್ಷ ಮೀರಿತ್ತು. ಹಿಂದೆ ಅಲ್ಲಿ ವಿವಾಹವಾಗಿ, ಪತ್ನಿ ಗರ್ಭಿಣಿಯಾಗಿದ್ದಾಗ ಹೊರಟುಬಿಟ್ಟಿದ್ದರು. ಗಂಡುಮಗು ಹುಟ್ಟಿದೆ ಎಂದು ಭಾರತದಲ್ಲಿದ್ದಾಗ ತಿಳಿದು ಮಗುವಿನ ಅಜ್ಜನಿಗೆ 40 ಚಿನ್ನದ ದೀನಾರ್ ಕಳುಹಿಸಿದ್ದರು. ಈಗ ವಿಚಾರಿಸಿದರೆ ಆ ಮಗ ತೀರಿಕೊಂಡು 12 ವರ್ಷ ಕಳೆದಿತ್ತು. ಒಮ್ಮೆಯೂ ನೋಡದ ಮಗ!

ತಾಂಜಿಯರಿನ ಒಬ್ಬ ವಿದ್ವಾಂಸರು ದಮಾಸ್ಕಸ್ಸಿನ ಮದ್ರಸವೊಂದರಲ್ಲಿ ನೆಲೆಸಿದ್ದಾರೆಂದು ಕೇಳಿ ಅವರಲ್ಲಿಗೆ ಹೋದರು. ಊರಿನವರ ಬಗ್ಗೆ ಕೇಳಿದರು. ತಂದೆ ಹೋಗಿ 15 ವರ್ಷವಾಯಿತು, ತಾಯಿ ಇನ್ನೂ ಬದುಕಿದ್ದಾರೆ ಎಂಬ ಉತ್ತರ ಸಿಕ್ಕಿತು.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಮುದಿ ತಾಯಿಯೊಬ್ಬಳು ಗಂಡನನ್ನು ಕಳೆದುಕೊಂಡು 15 ವರ್ಷಗಳಿಂದ ಮಗನ ದಾರಿ ಕಾಯುತ್ತಿದ್ದಾಳೆ. ಮಗನಿಗೆ ಅದು ಈಗ ತಿಳಿಯಿತು. ಮನೆ ಇನ್ನೂ ಸಾವಿರಾರು ಮೈಲಿ ದೂರವಿದೆ. ಅದೇ ವರ್ಷ ಜಗತ್ತು ಹಿಂದೆಂದೂ ಕಂಡಿರದ ಮಹಾಮಾರಿಯೊಂದು ಮೆಡಿಟರೇನಿಯನ್ ಸಮುದ್ರದ ಬಂದರುಗಳನ್ನು ಒಂದೊಂದಾಗಿ ನುಂಗುತ್ತಾ ಸಾಗಿತ್ತು.

ಮಹಾಮಾರಿಯ ದಾರಿಯಲ್ಲಿ

ಅದು ಪ್ಲೇಗ್. ಅರಬಿಯಲ್ಲಿ ತಾಊನ್. ಇಲಿಗಳ ಮೈಮೇಲಿನ ಚಿಗಟಗಳ ಮೂಲಕ ಹರಡುವ ಒಂದು ರೋಗಾಣು ಅದಕ್ಕೆ ಕಾರಣವೆಂದು ತಿಳಿಯಲು 1894ರ ನಂತರದ ಸಂಶೋಧನೆಗಳೇ ಬೇಕಾದವು. ಶ್ವಾಸಕೋಶಕ್ಕೆ ತಗುಲಿದರೆ ಕೆಮ್ಮಿನಿಂದಲೂ ಅದು ಹರಡುತ್ತದೆ. 14ನೆಯ ಶತಮಾನದಲ್ಲಿ ಇದಾವುದೂ ಯಾರಿಗೂ ತಿಳಿದಿರಲಿಲ್ಲ.

1348ರ ಜೂನ್‌ನಲ್ಲಿ ಇಬ್ನು ಬತೂತ ಅಲೆಪ್ಪೊದಲ್ಲಿದ್ದಾಗ ಗಾಝಾದಲ್ಲಿ ಪ್ಲೇಗ್ ಹಬ್ಬಿ ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆಂಬ ಸುದ್ದಿ ಬಂತು. ಅವರು ಹಿಮ್ಸ್ ತಲುಪಿದ ದಿನ ಅಲ್ಲಿ ಸುಮಾರು 300 ಮಂದಿ ಸತ್ತಿದ್ದರು. ದಮಾಸ್ಕಸ್ಸಿನಲ್ಲಿ ಜನರು ಮೂರು ದಿನ ಉಪವಾಸವಿದ್ದು, ಬಳಿಕ ಜಾಮಿಅ್ ಮಸೀದಿಯಲ್ಲಿ ಸೇರಿ, ಕುರ್‌ಆನ್ ಹಿಡಿದು ಬರಿಗಾಲಿನಲ್ಲಿ ಊರ ಹೊರಗಿನ ಮಸೀದಿಗೆ ನಡೆದರು. ಯಹೂದಿಗಳೂ ಕ್ರೈಸ್ತರೂ ತಮ್ಮ ಗ್ರಂಥಗಳೊಂದಿಗೆ, ಹೆಂಗಸರು ಮಕ್ಕಳೊಂದಿಗೆ ಜೊತೆಗೂಡಿದರು. ಊರಿಗೆ ಊರೇ ಕಣ್ಣೀರಿಟ್ಟಿತು. ಜೆರುಸಲೇಮಿನಲ್ಲಿ ರೋಗ ಆಗಲೇ ನಿಂತಿತ್ತು. ಒಂದೇ ಒಂದು ಜನಾಝಾ ಇಲ್ಲದ ದಿನ ಬಂದರೆ ಊಟ ಹಾಕಿಸುವೆನೆಂದು ಹರಕೆ ಹೊತ್ತಿದ್ದ ಅಲ್ಲಿಯ ಖತೀಬರು ಇಬ್ನು ಬತೂತರನ್ನು ಆ ಊಟಕ್ಕೆ ಕರೆದರು. ಆದರೆ ಅವರು ಹಿಂದೆ ಬಂದಾಗ ಕಂಡಿದ್ದ ಹಿರಿಯರಲ್ಲಿ ಹೆಚ್ಚಿನವರು ಇಲ್ಲವಾಗಿದ್ದರು. ಗಾಝಾ ಬಹುಪಾಲು ಬರಿದಾಗಿತ್ತು. ಕೈರೋದಲ್ಲಿ ಒಂದು ಹಂತದಲ್ಲಿ ದಿನಕ್ಕೆ 21,000 ಜನ ಸತ್ತರೆಂದು ಅವರಿಗೆ ಹೇಳಲಾಯಿತು. ಈ ಸಂಖ್ಯೆ ದೊಡ್ಡದಾಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಆದರೆ ಅವರು ಬಲ್ಲ ಶೈಖರೆಲ್ಲಾ ಅಲ್ಲಿ ತೀರಿಹೋಗಿದ್ದುದು ನಿಜ.

ದಮಾಸ್ಕಸ್ಸಿನ ಆ ಸಭೆಯ ಬಗ್ಗೆ ಒಂದು ಮಾತು. ಸುಮಾರು 80 ವರ್ಷಗಳ ನಂತರ ಹದೀಸ್ ವಿದ್ವಾಂಸ ಇಬ್ನು ಹಜರ್ ಅಲ್ ಅಸ್ಕಲಾನಿ ಪ್ಲೇಗ್ ಬಗ್ಗೆ ಒಂದು ಗ್ರಂಥವನ್ನೇ ಬರೆದರು. ತಮ್ಮ ಮೂವರು ಹೆಣ್ಣುಮಕ್ಕಳನ್ನು ಅದೇ ರೋಗಕ್ಕೆ ಕಳಕೊಂಡ ತಂದೆ ಅವರು. ಹಿಜರಿ 833ರಲ್ಲಿ ಕೈರೋದಲ್ಲಿ ಜನರು ಉಪವಾಸವಿದ್ದು ಬಯಲಿಗೆ ಹೋಗಿ ಒಟ್ಟುಗೂಡಿ ಪ್ರಾರ್ಥಿಸುವ ಮುಂಚೆ ದಿನಕ್ಕೆ 40ಕ್ಕಿಂತ ಕಡಿಮೆ ಸಾವುಗಳಿದ್ದವು, ಆಮೇಲೆ ತಿಂಗಳು ಮುಗಿಯುವುದರೊಳಗೆ ಅದು ಸಾವಿರ ಮೀರಿತು ಎಂದು ಅವರು ದಾಖಲಿಸಿದ್ದಾರೆ. ದುಆ ಎಲ್ಲಿದ್ದರೂ ಅಲ್ಲಾಹನು ಕೇಳುತ್ತಾನೆ, ಅದಕ್ಕೆ ಜನಜಂಗುಳಿ ಬೇಕಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಮಸೀದಿಗಳ ಬಾಗಿಲು ಮುಚ್ಚಿ, ಮನೆಗಳಲ್ಲೇ ನಮಾಝ್ ಮಾಡುವಂತೆ ಉಲಮಾಗಳು ಹೇಳಿದ್ದು ಹೊಸ ವಿಚಾರವೇನಲ್ಲ.

ತಾಝಾದಲ್ಲಿ

ಕೈರೋದಿಂದ ಇಬ್ನು ಬತೂತ ನೇರವಾಗಿ ಊರಿಗೆ ಹೋಗಲಿಲ್ಲ. ಮೊದಲು ಮಕ್ಕಾಕ್ಕೆ ಹೋಗಿ 1348ರ ನವೆಂಬರಿನಿಂದ ಹಜ್ಜ್‌ನ ತನಕ ಅಲ್ಲಿದ್ದರು. 1349ರಲ್ಲಿ ಹಜ್ಜ್ ಮುಗಿಸಿ ಕೈರೋಗೆ ಮರಳಿ, ಅಲ್ಲಿಂದ ತ್ಯೂನಿಸ್, ಸಾರ್ಡೀನಿಯಾ ದ್ವೀಪ, ತಿಲಿಮ್ಸಾನ್ ಮಾರ್ಗವಾಗಿ ಮೊರೊಕ್ಕೋ ಪ್ರವೇಶಿಸಿದರು. ತಾಝಾ ಎಂಬ ಪಟ್ಟಣಕ್ಕೆ ಬಂದಾಗ ಸುದ್ದಿ ಸಿಕ್ಕಿತು. ತಾಯಿ ಪ್ಲೇಗಿಗೆ ತುತ್ತಾಗಿ ತೀರಿಕೊಂಡಿದ್ದರು.

ಎಷ್ಟೋ ಸುಲ್ತಾನರ ಔತಣದ ವಿವರಗಳನ್ನು ಪುಟಗಟ್ಟಲೆ ಬರೆಸಿದ ಅವರು ತಾಯಿಯ ಮರಣವನ್ನು ಒಂದೇ ಸಾಲಿನಲ್ಲಿ ಹೇಳಿ, ಆಕೆಯ ಮೇಲೆ ಅಲ್ಲಾಹನ ಕರುಣೆಯಿರಲೆಂದು ಬೇಡಿ ಮುಂದೆ ಹೋಗಿದ್ದಾರೆ. ಅದೇ ನವೆಂಬರಿನಲ್ಲಿ ಫಾಸ್ ನಗರದಲ್ಲಿ ಸುಲ್ತಾನ್ ಅಬೂ ಇನಾನರನ್ನು ಕಂಡು, ಬಳಿಕ ತಾಂಜಿಯರಿಗೆ ಹೋಗಿ ತಾಯಿಯ ಕಬರ್ ಸಂದರ್ಶಿಸಿದರು. ಸುಮಾರು 24 ವರ್ಷಗಳ ನಂತರ ಮಗ ಊರಿಗೆ ಬಂದಿದ್ದ. ಎದುರುಗೊಳ್ಳಲು ಬಾಗಿಲಲ್ಲಿ ಯಾರೂ ಇರಲಿಲ್ಲ. ಅಲ್ಲಿಂದ ಸಬ್ತಾ ಪಟ್ಟಣಕ್ಕೆ ಹೋಗಿ ಮೂರು ತಿಂಗಳು ಕಾಯಿಲೆ ಬಿದ್ದರು.

ಹಜ್ಜ್ ಮಾಡಿದ್ದು ತಪ್ಪೆಂದು ಹೇಳಲು ನಾವು ಯಾರು? ಅವರು ನೇರವಾಗಿ ಮನೆಗೆ ಹೋಗಿದ್ದರೆ ತಾಯಿ ಉಳಿಯುತ್ತಿದ್ದರೆಂದು ಹೇಳಲೂ ಸಾಧ್ಯವಿಲ್ಲ. ಅಜಲ್ ಅಲ್ಲಾಹನ ಕೈಯಲ್ಲಿದೆ. ಆದರೆ ಒಂದು ಮಾತು ಸತ್ಯ. ರೋಗ ಬಂದಾಗ ಬಾಗಿಲು ಮುಚ್ಚಿಕೊಳ್ಳಲು, ನೀರು ಕುಡಿಸಲು, ಹಣೆ ಒರೆಸಲು ಆ ತಾಯಿಯ ಬಳಿ ಈ ಮಗ ಇರಲಿಲ್ಲ. ಹೆತ್ತವರು ಅಳುತ್ತಿರುವಾಗ ಅವರನ್ನು ಬಿಟ್ಟು ಹಿಜ್ರತ್‌ಗೆಂದು ಬಂದ ಒಬ್ಬರನ್ನು ಪ್ರವಾದಿ(ಸ) ಹಿಂದಕ್ಕೆ ಕಳುಹಿಸಿ, ಅಳಿಸಿದಂತೆಯೇ ಅವರನ್ನು ನಗಿಸಬೇಕೆಂದು ಆದೇಶಿಸಿದ್ದರು. ಜಿಹಾದ್‌ಗೆ ಅನುಮತಿ ಕೇಳಿದ ಇನ್ನೊಬ್ಬರಿಗೆ ಜೀವಂತವಿರುವ ತಂದೆ ತಾಯಿಯ ಸೇವೆಯಲ್ಲೇ ಅದನ್ನು ಕಾಣುವಂತೆ ತಿಳಿಸಿದ್ದರು.

ಸಲಾ ಪಟ್ಟಣದ ಒಂದು ಮನೆ

ಅದೇ ಪ್ಲೇಗ್ ಅದೇ ಮೊರೊಕ್ಕೋದ ಇನ್ನೊಂದು ಕರಾವಳಿ ಪಟ್ಟಣವಾದ ಸಲಾಗೂ ಬಂದಿತ್ತು. ಅಲ್ಲಿ ಇಬ್ನು ಅಬೀ ಮದ್ಯನ್ ಎಂಬ ಧರ್ಮನಿಷ್ಠರಿದ್ದರು. ರೋಗವು ಒಬ್ಬರಿಂದೊಬ್ಬರಿಗೆ ಅಂಟುತ್ತದೆಂದು ಅವರು ನಂಬಿದ್ದರು. ಬೇಕಾದ ಆಹಾರ ಸಾಮಗ್ರಿಗಳನ್ನೆಲ್ಲಾ ಮನೆಯಲ್ಲಿ ಸಂಗ್ರಹಿಸಿ, ತನ್ನ ದೊಡ್ಡ ಕುಟುಂಬವನ್ನು ಒಳಗಿರಿಸಿಕೊಂಡು ಬಾಗಿಲಿಗೆ ಇಟ್ಟಿಗೆ ಕಟ್ಟಿಸಿಬಿಟ್ಟರು. ಊರಲ್ಲಿ ಜನ ಸಾಯುತ್ತಿದ್ದರೂ ಆ ಮನೆಯಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ.

ಈ ಘಟನೆಯನ್ನು ಬರೆದವರು ಗ್ರನಡಾದ ಮಂತ್ರಿಯೂ ವೈದ್ಯರೂ ಆಗಿದ್ದ ಲಿಸಾನುದ್ದೀನ್ ಇಬ್ನುಲ್ ಖತೀಬ್. ರೋಗಿಯನ್ನು ಮುಟ್ಟಿದವರಿಗೆ ರೋಗ ಬರುವುದು, ಅವನ ಬಟ್ಟೆ, ಪಾತ್ರೆಗಳಿಂದಲೂ ಅದು ಮನೆಗೆ ಹೊಕ್ಕುವುದು, ದೂರವಿದ್ದವರು ಉಳಿಯುವುದು ಅನುಭವದಿಂದ ಸಿದ್ಧವಾದ ಸಂಗತಿಯೆಂದು ಅವರು ಅಂದೇ ವಾದಿಸಿದ್ದರು. ಒಂದೇ ದೇಶ, ಒಂದೇ ರೋಗ. ಒಂದು ಮನೆಯಲ್ಲಿ ತಾಯಿ ಹೋದರು, ಇನ್ನೊಂದು ಮನೆಯಲ್ಲಿ ಎಲ್ಲರೂ ಉಳಿದರು. ಮುನ್ನೆಚ್ಚರಿಕೆಯ ಬೆಲೆ ಇದು.

ತವಕ್ಕುಲ್ ಎಂದರೆ ಅಜಾಗ್ರತೆಯಲ್ಲ

ಎಲ್ಲವೂ ಅಲ್ಲಾಹನ ವಿಧಿಯಾಗಿರುವಾಗ ಈ ಜಾಗ್ರತೆಯೆಲ್ಲಾ ಯಾಕೆ ಎಂದು ಕೇಳುವವರಿದ್ದಾರೆ. ಉತ್ತರವು ಸಹಾಬಿಗಳ ಜೀವನದಲ್ಲೇ ಇದೆ. ರೋಗ ಹಬ್ಬಿದ ಊರಿಗೆ ಹೋಗಬಾರದು, ತಾವಿರುವ ಊರಲ್ಲಿ ಹಬ್ಬಿದರೆ ಅದರಿಂದ ಓಡಿಹೋಗಬಾರದು ಎಂದು ಪ್ರವಾದಿ(ಸ) ಕಲಿಸಿದ್ದರು. ಕಾಯಿಲೆಯ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಜೊತೆ ಸೇರಿಸಬಾರದೆಂದಿದ್ದರು. ಸಕೀಫ್ ನಿಯೋಗದಲ್ಲಿ ಕುಷ್ಠರೋಗಿಯೊಬ್ಬರಿದ್ದಾಗ, ಪ್ರತಿಜ್ಞೆ ಸ್ವೀಕರಿಸಿದ್ದೇವೆಂದು ದೂರದಿಂದಲೇ ಹೇಳಿ ಕಳುಹಿಸಿ ಅವರನ್ನು ಗೌರವದಿಂದ ಹಿಂದಿರುಗಿಸಿದರು. ಆ ವ್ಯಕ್ತಿಯ ಸಂಬಂಧವನ್ನು ಅವರು ಕಡಿದುಕೊಳ್ಳಲಿಲ್ಲ. ಕೈಗೆ ಕೈ ಸೇರಿಸುವುದನ್ನು ಮಾತ್ರ ಬಿಟ್ಟರು. ಈ ಸೂಕ್ಷ್ಮವನ್ನು ನಾವು ನೆನಪಿಡಬೇಕು.

ಸಿರಿಯಾದಲ್ಲಿ ಅಮ್ವಾಸ್ ಪ್ಲೇಗ್ ಹಬ್ಬಿದ್ದಾಗ ಹಝ್ರತ್ ಉಮರ್(ರ) ಸರ್ಗ್ ಎಂಬಲ್ಲಿಂದಲೇ ಹಿಂದಿರುಗಿದರು. ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಅಬೂ ಉಬೈದಾ(ರ) ಕೇಳಿದಾಗ, ಅವನದೇ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆಂದು ಉತ್ತರಿಸಿದರು. ಅಬೂ ಉಬೈದಾ ಮತ್ತು ಮುಆದ್ ಬಿನ್ ಜಬಲ್(ರ) ಆ ರೋಗದಲ್ಲೇ ತೀರಿಕೊಂಡರು. ಬಳಿಕ ನಾಯಕತ್ವ ವಹಿಸಿದ ಅಮ್ರ್ ಬಿನ್ ಆಸ್(ರ) ಜನರನ್ನು ಬೆಟ್ಟಗುಡ್ಡಗಳಲ್ಲಿ ಚದುರಿಸಿದರು. ರೋಗ ತಣಿಯಿತು.

ನಮ್ಮ ಮನೆಗಳಲ್ಲಿ

ಪ್ಲೇಗ್ ಈಗ ಔಷಧದಿಂದ ಗುಣವಾಗುವ ಕಾಯಿಲೆ. ಆದರೆ ಫ್ಲೂ, ನ್ಯುಮೋನಿಯಾ, ಕ್ಷಯ, ಕೋವಿಡ್, ವಾಂತಿಭೇದಿಗಳು ಇಂದೂ ಇವೆ. ಮನೆಯ ಎಲ್ಲರಿಗಿಂತ ಹೆಚ್ಚು ಅಪಾಯ ಹಿರಿಯರಿಗೇ. ವಯಸ್ಸಾದಂತೆ ದೇಹದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಸಕ್ಕರೆ ಕಾಯಿಲೆ, ಹೃದಯ ಮತ್ತು ಶ್ವಾಸದ ತೊಂದರೆ ಇದ್ದರೆ ಇನ್ನೂ ಹೆಚ್ಚು. ಮೊಮ್ಮಗನಿಗೆ ಎರಡು ದಿನದ ನೆಗಡಿಯಾಗಿ ಹೋಗುವುದು ಅಜ್ಜಿಗೆ ನ್ಯುಮೋನಿಯಾ ಆಗಬಹುದು. ಅವರು ಮನೆಯಿಂದ ಹೊರಗೇ ಹೋಗುವುದಿಲ್ಲ. ರೋಗ ಅವರ ಬಳಿಗೆ ಬರುವುದು ನಮ್ಮ ಕೈ, ನಮ್ಮ ಕೆಮ್ಮು, ನಮ್ಮ ಬಟ್ಟೆಗಳ ಮೂಲಕವೇ.

ಆದುದರಿಂದ ಹೊರಗಿನಿಂದ ಬಂದವರು ಮೊದಲು ಸಾಬೂನಿನಿಂದ ಕೈ ತೊಳೆದು ನಂತರ ಉಮ್ಮನ ಕೈ ಹಿಡಿಯಲಿ. ದಿನಕ್ಕೆ ಐದು ಬಾರಿ ವುಝೂ ಮಾಡುವ ನಮಗೆ ಇದು ಭಾರವಾಗಬಾರದು. ಕೆಮ್ಮು, ಜ್ವರ ಇದ್ದವರು, ಮಕ್ಕಳಾದರೂ ಸರಿ, ಗುಣವಾಗುವ ತನಕ ಅಜ್ಜ ಅಜ್ಜಿಯ ಕೋಣೆಯಿಂದ ದೂರವಿರಲಿ. ಸೇವೆ ಮಾಡುವವರಿಗೇ ನೆಗಡಿಯಾದರೆ ಬೇರೊಬ್ಬರು ಆ ಕೆಲಸ ವಹಿಸಿಕೊಳ್ಳಲಿ, ಬೇರೆ ಯಾರೂ ಇಲ್ಲದಿದ್ದರೆ ಮಾಸ್ಕ್ ಕಟ್ಟಿಕೊಳ್ಳಲಿ. ಅವರ ಕೋಣೆಯ ಕಿಟಕಿ ತೆರೆದಿರಲಿ, ಗಾಳಿ ಬೆಳಕು ಬರಲಿ. ಟವೆಲ್, ಲೋಟ, ತಟ್ಟೆಗಳು ಪ್ರತ್ಯೇಕವಾಗಿರಲಿ. ಹಗಲು ಮಲಗುವಾಗಲೂ ಸೊಳ್ಳೆಪರದೆ ಇರಲಿ, ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಲ್ಲೇ. ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಯೂ ಔಷಧವೂ ಉಚಿತ. ಫ್ಲೂ ಮತ್ತು ನ್ಯುಮೋನಿಯಾ ವಿರುದ್ಧದ ಚುಚ್ಚುಮದ್ದುಗಳ ಬಗ್ಗೆ ವೈದ್ಯರಲ್ಲಿ ಕೇಳಿ. ಫ್ಲೂ ಚುಚ್ಚುಮದ್ದನ್ನು ಪ್ರತಿ ವರ್ಷ ಕೊಡಿಸಬೇಕಾಗುತ್ತದೆ.

ಹಿರಿಯರ ಕಾಯಿಲೆ ಯಾವಾಗಲೂ ಜ್ವರದಿಂದ ಆರಂಭವಾಗುವುದಿಲ್ಲ ಎಂಬುದೂ ತಿಳಿದಿರಲಿ. ಊಟ ಸೇರದಿರುವುದು, ಸದಾ ತೂಕಡಿಕೆ, ಇದ್ದಕ್ಕಿದ್ದಂತೆ ಗೊಂದಲದ ಮಾತು, ಎದ್ದರೆ ಬೀಳುವುದು ಇವೇ ಸೋಂಕಿನ ಮೊದಲ ಲಕ್ಷಣಗಳಾಗಿರಬಹುದು. ವಯಸ್ಸಾಯಿತು, ಅರುಳುಮರುಳು ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು.

ಹಜ್ಜ್, ಉಮ್ರಾದಿಂದ ಮರಳಿದವರ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. ಲಕ್ಷಾಂತರ ಜನರ ನಡುವಿನಿಂದ ಬರುವವರಲ್ಲಿ ಕೆಮ್ಮು, ಗಂಟಲುನೋವು ಸಾಮಾನ್ಯ. ಬಂದ ದಿನವೇ ಮುದಿ ತಂದೆಯನ್ನು ಅಪ್ಪಿಕೊಳ್ಳುವ ಆಸೆ ಯಾರಿಗಿಲ್ಲ? ಆದರೆ ಕೆಮ್ಮಿದ್ದರೆ ಕೆಲವು ದಿನ ತಡೆದು, ದೂರದಿಂದಲೇ ಸಲಾಮ್ ಹೇಳಿ, ಝಮ್‌ಝಮ್ ನೀರನ್ನು ಬೇರೊಬ್ಬರ ಕೈಯಿಂದ ಕೊಡಿಸುವುದೂ ಸೇವೆಯೇ. ಹಸಿ ಬೆಳ್ಳುಳ್ಳಿ ತಿಂದವರು ಅದರ ವಾಸನೆಯಿಂದ ಇತರರಿಗೆ ತೊಂದರೆಯಾಗದಂತೆ ಮಸೀದಿಯಿಂದ ದೂರವಿರಬೇಕೆಂದು ಕಲಿಸಿದ ಧರ್ಮ ನಮ್ಮದು. ವಾಸನೆಯ ಬಗ್ಗೆಯೇ ಇಷ್ಟು ಕಾಳಜಿಯಿದ್ದರೆ ರೋಗದ ಬಗ್ಗೆ ಎಷ್ಟಿರಬೇಕು!

ಆದರೆ ಒಂದು ಎಚ್ಚರ. ಜಾಗ್ರತೆಯ ಹೆಸರಲ್ಲಿ ಹಿರಿಯರನ್ನು ಮೂಲೆಯ ಕೋಣೆಗೆ ತಳ್ಳಿ ಮಾತು ಬಿಡುವುದು ಸಲ್ಲದು. ಬಾಗಿಲ ಬಳಿ ಕುರ್ಚಿ ಹಾಕಿ ಕೂತು ಮಾತಾಡಿ. ಕುರ್‌ಆನ್ ಓದಿ ಕೇಳಿಸಿ. ಯಾಕೆ ದೂರ ಕೂತಿದ್ದೇವೆಂದು ಅವರಿಗೆ ಅರ್ಥವಾಗುವಂತೆ ಪ್ರೀತಿಯಿಂದ ವಿವರಿಸಿ. ಮುಪ್ಪಿನ ತಂದೆ ತಾಯಿಯ ಮುಂದೆ ಬೇಸರದ ಒಂದು ಉದ್ಗಾರವನ್ನೂ ತೆಗೆಯದೆ ಕರುಣೆಯ ರೆಕ್ಕೆಯನ್ನು ತಗ್ಗಿಸಬೇಕೆಂದು ಕುರ್‌ಆನ್ ಕಲಿಸುತ್ತದೆ. ಹಾಗೆಯೇ ಈ ಸೇವೆಯ ಭಾರವನ್ನೆಲ್ಲಾ ಸೊಸೆಯ ತಲೆಗೆ ಕಟ್ಟಿ ಗಂಡುಮಕ್ಕಳು ಹೊರಗೆ ಸುತ್ತುವುದೂ ನ್ಯಾಯವಲ್ಲ. ಆದೇಶವಿರುವುದು ಮಕ್ಕಳಿಗೆ. ಸೊಸೆ ಮಾಡುವುದು ಅವಳ ಔದಾರ್ಯ. ರಾತ್ರಿ ನಿದ್ದೆಗೆಟ್ಟು ದಣಿದವಳಿಗೆ ಕಾಯಿಲೆ ಬೇಗ ಅಂಟುತ್ತದೆ, ಅವಳಿಂದ ಅತ್ತೆಗೂ. ಸರದಿಯ ಮೇಲೆ ಸೇವೆ ಮಾಡಿದರೆ ಎಲ್ಲರೂ ಉಳಿಯುತ್ತಾರೆ, ಪ್ರತಿಫಲವೂ ಎಲ್ಲರಿಗೆ ಸಿಗುತ್ತದೆ.

ದೂರದೇಶದಲ್ಲಿರುವ ಮಗನೂ ಕೈಕಟ್ಟಿ ಕೂರಬೇಕಾಗಿಲ್ಲ. ಇಬ್ನು ಬತೂತರಿಗೆ ತಂದೆಯ ಮರಣದ ಸುದ್ದಿ ತಲುಪಲು 15 ವರ್ಷ ಬೇಕಾಯಿತು. ನಮಗೆ ದಿನವೂ ಮುಖ ನೋಡಿ ಮಾತಾಡುವ ಸೌಲಭ್ಯವನ್ನು ಅಲ್ಲಾಹನು ಕರುಣಿಸಿದ್ದಾನೆ. ಔಷಧ ಮುಗಿದಿದೆಯೇ, ಚುಚ್ಚುಮದ್ದು ಆಯಿತೇ, ಕೆಮ್ಮು ಹೇಗಿದೆ ಎಂದು ಕೇಳಬಹುದು. ಹಣ ಕಳುಹಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯುವುದಿಲ್ಲ.

ಕೊನೆಯ ದಿನಗಳು

ಇಬ್ನು ಬತೂತ ಆಮೇಲೆ ಸ್ಪೇನಿಗೆ, 1352ರಲ್ಲಿ ಸಹಾರಾ ದಾಟಿ ಮಾಲಿ ರಾಜ್ಯಕ್ಕೆ ಹೋಗಿ 1354ರ ಹೊತ್ತಿಗೆ ಫಾಸ್‌ಗೆ ಮರಳಿದರು. ಸುಲ್ತಾನನ ಅಪೇಕ್ಷೆಯಂತೆ ಗ್ರನಡಾದ ಸಾಹಿತಿ ಇಬ್ನು ಜುಝಯ್ಯ್ ಅವರಿಗೆ ತನ್ನ ನೆನಪುಗಳನ್ನು ಹೇಳಿ ಬರೆಸಿದರು. 1355ರ ಡಿಸೆಂಬರಿನಲ್ಲಿ ‘ರಿಹ್ಲಾ’ ಮುಗಿಯಿತು. ಉಳಿದ ದಿನಗಳನ್ನು ಮೊರೊಕ್ಕೋದ ಒಂದು ಪಟ್ಟಣದಲ್ಲಿ ಖಾಝಿಯಾಗಿ ಕಳೆದರು. ಹಿಜರಿ 770ರಲ್ಲಿ, ಅಂದರೆ 1368 ಅಥವಾ 1369ರಲ್ಲಿ ತೀರಿಕೊಂಡರು. ಯೌವನದಲ್ಲಿ ಯಾವ ಬದುಕನ್ನು ಬಿಟ್ಟು ಹೊರಟಿದ್ದರೋ ಅದೇ ಬದುಕು ಕೊನೆಗೆ ಅವರದಾಯಿತು. ಆದರೆ ಅದನ್ನು ಕಂಡು ಸಂತೋಷಪಡಲು ಹೆತ್ತವರು ಇರಲಿಲ್ಲ.

ಹೆತ್ತವರನ್ನು ಈಗಾಗಲೇ ಕಳಕೊಂಡವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಅವರಿಗಾಗಿ ದುಆ ಮಾಡುವುದು, ಪಾಪಕ್ಷಮೆ ಬೇಡುವುದು, ಅವರು ಕೊಟ್ಟ ಮಾತನ್ನು ನಡೆಸುವುದು, ಅವರ ಬಂಧುಗಳ ಸಂಬಂಧ ಉಳಿಸುವುದು, ಅವರ ಗೆಳೆಯರನ್ನು ಗೌರವಿಸುವುದು ಮರಣಾನಂತರದ ಸೇವೆಯೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆದರೆ ಯಾರ ಮನೆಯಲ್ಲಿ ಇಂದೂ ಉಮ್ಮನ ಕೆಮ್ಮಿನ ಸದ್ದು, ಬಾಪನ ತಸ್ಬೀಹಿನ ಸದ್ದು ಕೇಳಿಸುತ್ತಿದೆಯೋ ಅವರು ಭಾಗ್ಯವಂತರು. ಇಂದು ರಾತ್ರಿ ಅವರ ಕೋಣೆಗೆ ಹೋಗುವ ಮುನ್ನ ಕೈ ತೊಳೆಯಿರಿ, ಆಮೇಲೆ ಹೋಗಿ ಅವರ ಕಾಲ ಬಳಿ ಕುಳಿತುಕೊಳ್ಳಿ.

ಅವರ ಆಯುಷ್ಯ, ಆರೋಗ್ಯಗಳಲ್ಲಿ ಅಲ್ಲಾಹನು ಬರಕತ್ ನೀಡಲಿ, ಅವರ ಸೇವೆ ಮಾಡುವ ತೌಫೀಕನ್ನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.